ಕಾಕಾನ ದವಡೆ, ಎಮ್ಮೆಯ ಹಟ

ಕಾಕಾನ ಬಾಯಿಗೆ ಫೋನ್ ಹಿಡಿದದ್ದು ನಾನೋ, ನರ್ಸೋ? ನಾನು ಈ ಕತೆ ಹೇಳಿದ ಹಾಗೆಲ್ಲ ಅದು ಬದಲಾಗುತ್ತದೆ. ಕುಲಗೋಡದ ನಮ್ಮ ಕಾಕಾ ದವಡೆಯ ಗಡ್ಡೆ ತೆಗೆಸಿಕೊಂಡು ಗೋಕಾಕದ ಆಸ್ಪತ್ರೆಯಲ್ಲಿ ಮಲಗಿದ್ದರು. ಕ್ಯಾನ್ಸರ್ ಅಲ್ಲವೆಂದು ಡಾಕ್ಟರು ಹೇಳಿದ್ದರಿಂದ ಆ ಚಿಂತೆ ಇರಲಿಲ್ಲ. ಚಿಂತೆ ಎಮ್ಮೆಯದು. ಹಾಲು ಕರೆಯುವಾಗ ಕಾಕಾ ಹಾಕುವ ‘ಹುರ್ರ್’ ಕೂಗು ಕೇಳದೆ ಅದು ಯಾರಿಗೂ ಹಾಲು ಬಿಡುತ್ತಿರಲಿಲ್ಲ, ಕೆಚ್ಚಲು ಕಲ್ಲಾಗಿತ್ತು.

ಊರಿನಿಂದ ಕಾಕಾನ ಹೆಂಡತಿ ಕಾಕು ಫೋನ್ ಮಾಡಿ, ಅದನ್ನು ಎಮ್ಮೆಯ ಕಿವಿಗೆ ಹಿಡಿದರು. “ಲಗೂನ ಒದರ್ರಿ! ನನ್ನ ಒದ್ದು ಕೆಡವತೈತಿ.”

ಬ್ಯಾಂಡೇಜಿನೊಳಗಿಂದ ಕಾಕಾ “ಹುಫ್ಫ್” ಎಂದರು. ಇಡೀ ವಾರ್ಡು ನಕ್ಕಿತು. ಡಾಕ್ಟರು ಓಡಿ ಬಂದರು: “ಹೊಲಿಗಿ ಬಿಚ್ಚಿದ್ರ ಎಮ್ಮಿ ಬಂದು ಹೊಲಿತೈತೇನ್ರಿ?”

ಅಷ್ಟರಲ್ಲಿ ಫೋನಿನಲ್ಲಿ ಹಾಲು ಚರ್ರೆಂದು ಚರಿಗೆಗೆ ಬಿದ್ದ ಸದ್ದು.

ಕಾಕಾ ಈಗ ಒಣಗಿ ಗಟ್ಟಿಯಾದ ಕಟಕ ರೊಟ್ಟಿಯನ್ನೂ ಕಡಿಯುತ್ತಾರೆ. ಅಂದು ಎಮ್ಮೆ ಅವರ ದನಿಯನ್ನು ಗುರುತಿಸಿತೋ, ವಾರ್ಡಿನ ನಗೆಗೆ ಸಡಿಲಾಯಿತೋ, ನನಗೆ ಗೊತ್ತಿಲ್ಲ.