ಹಳದಿ ಕಾರಿನ ಅರಳೆ

ಆಗೋದಿಲ್ಲ ಅಂದವರು ನಮ್ಮ ಸೋದರಮಾವ. ನಾನು ಎಂಜಿನಿಯರಿಂಗ್ ಕಾಲೇಜು ಸೇರಿದ ದಿನ ಮನೆ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದ್ದರು: "ನಟ್ಟು ತಿರುವೋ ಪಾನಾ ಹಿಡ್ಯಾಕ ಬರಂಗಿಲ್ಲ ಈಕಿಗಿ, ಪದವಿ ಹ್ಯಾಂಗ ಹಿಡೀತಾಳ? ಬರೆದಿಟ್ಕೊಳ್ರಿ, ಆಗಂಗಿಲ್ಲ!"

ನಮ್ಮದು ಅರಳೆ ಹಿಂಜಿ ಗಾದಿ ಹೊಲಿಯುವ ಮನೆತನ. ಕುರುಗೋಡಿನಲ್ಲಿ ನಮ್ಮ ಅಜ್ಜಿ, ಅಂದರೆ ಮಾವನ ತಾಯಿ, ಹಿಂಜಿದ ಅರಳೆಯ ಮೇಲೆ ಅರ್ಧ ಊರು ಮಲಗುತ್ತಿತ್ತು. ಮಾವ ಆ ಕಸುಬು ಬಿಟ್ಟು, ಸಿರುಗುಪ್ಪದಲ್ಲಿ ಭತ್ತದ ಗದ್ದೆಯ ಟ್ರ್ಯಾಕ್ಟರು ಬಿಚ್ಚಿ ಕಟ್ಟಿ ಕಲಿತು, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ತಗಡಿನ ರಿಪೇರಿ ಶೆಡ್ಡು ಹಾಕಿದ್ದರು. ಇಡೀ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ.

ಗಣಿಯ ಕಾಲ ಅದು. ನಿನ್ನೆ ಸೈಕಲ್ಲು ತುಳಿದವರು ಇವತ್ತು ಹೆಲಿಕಾಪ್ಟರಿನ ಮಾತಾಡುತ್ತಿದ್ದರು. ಹಾಗೆ ಒಬ್ಬ ಸಾಹುಕಾರರು ಹಳದಿ ಸ್ಪೋರ್ಟ್ಸ್ ಕಾರು ತರಿಸಿದರು. ಬೆಳಿಗ್ಗೆ ಹಳದಿ, ಸಂಜೆಗೆ ಅದಿರಿನ ಧೂಳು ಕೂತು ಇಟ್ಟಿಗೆ ಬಣ್ಣ. ಆರು ತಿಂಗಳಿಗೆ ಅದು ಚಾಲೂ ಮಾಡಿದರೆ ಎರಡು ಸಲ ಕೆಮ್ಮಿ ನಿಲ್ಲತೊಡಗಿತು. ಸಾಹುಕಾರರ ಡ್ರೈವರ್ ಮಾವನ ಹಳೆಯ ದೋಸ್ತ. ಕಾರು ನಮ್ಮ ಶೆಡ್ಡಿಗೆ ಬಂತು.

ನನಗೆ ಕೊನೆಯ ವರ್ಷದ ಪ್ರಾಜೆಕ್ಟ್ ಬೇಕಿತ್ತು. ಈ ಕಾರಿನ ಕೆಮ್ಮೇ ನನ್ನ ಪ್ರಾಜೆಕ್ಟ್ ಅಂತ ಕಾಲೇಜಿನಲ್ಲಿ ಬರೆದುಕೊಟ್ಟುಬಿಟ್ಟೆ. ಶುಕ್ರವಾರ ಮೇಷ್ಟರು ಬಂದು ಎಂಜಿನ್ ಓಡುವುದನ್ನು ನೋಡಬೇಕು. ಓಡದಿದ್ದರೆ ಶನಿವಾರ ಕಾರು ಲಾರಿ ಹತ್ತಿ ರಿಪೇರಿಗೆ ಬೆಂಗಳೂರಿಗೆ, ನನ್ನ ಪದವಿ ಮುಂದಿನ ವರ್ಷಕ್ಕೆ. ಮುಂದಿನ ವರ್ಷ ಅನ್ನೋದು ನಮ್ಮ ಮನೆಯಲ್ಲಿ ಇರಲಿಲ್ಲ. ಗಂಡು ನೋಡುವುದನ್ನು ಅವ್ವ ಈ ವರ್ಷದ ಮಟ್ಟಿಗಷ್ಟೇ ತಡೆದಿದ್ದಳು.

ಮಾವ ನಾಲ್ಕು ದಿನ ಬಿಚ್ಚಿದರು. ಪ್ಲಗ್ಗು ಸರಿ, ಪಂಪು ಸರಿ, ಪೆಟ್ರೋಲೂ ಸರಿ. ಬಿಚ್ಚಿದ್ದನ್ನೆಲ್ಲ ಹಳೆಯ ಗಾದಿಯ ಮೇಲೆ ಬಿಚ್ಚಿದ ಸರದಿಯಲ್ಲೇ ಇಡುವುದು ಅವರ ಪದ್ಧತಿ. ಅದರ ಹತ್ತಿರ ಸುಳಿದವರಿಗೆ ಬೈಗುಳ. ಗುರುವಾರ ಬೆಳಿಗ್ಗೆ ಕುರುಗೋಡಿನ ಬಸ್ಸಿಗೆ ಬಂದ ಅಜ್ಜಿ ನೇರ ಹೋಗಿ ಆ ಗಾದಿಯ ಮೇಲೇ ಕೂತಳು.

"ಯವ್ವಾ, ಏಳು! ಸಾಹುಕಾರನ ಸಾಮಾನು ಅದಾವ!"

"ನಾ ಹೊಲ್ದ ಗಾದಿ ಮ್ಯಾಲ ಕುಂದ್ರಾಕ ನಿನ್ನ ಕೇಳ್ಬೇಕೇನಲೇ?" ಎನ್ನುತ್ತ ಅಜ್ಜಿ ಪಕ್ಕದಲ್ಲಿದ್ದ ದುಂಡನೆಯದೊಂದನ್ನು ಎತ್ತಿಕೊಂಡಳು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಫಿಲ್ಟರ್ ಅದು. ಬೆರಳಿನಿಂದ ಒತ್ತಿದಳು, ಮೂಸಿದಳು. "ಇದು ಅರಳಿ ಐತಲ್ಲ! ಇದಕ್ಕ ಇಷ್ಟು ಎಣ್ಣಿ ಯಾರು ಕುಡಿಸ್ಯಾರ? ಎಣ್ಣಿ ಕುಡದ ಅರಳಿ ಉಸಿರಾಡಂಗಿಲ್ಲ."

ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಡ್ರೈವರ್ ಎದೆ ಉಬ್ಬಿಸಿದ. "ನಾನ ಅಜ್ಜಿ! ಅದಿರು ಲಾರಿ ಹನ್ನೆರಡು ವರ್ಷ ಹೊಡದೀನಿ. ಲಾರ್‍ಯಾಗ ಗಾಳಿ ಸೋಸಾದು ಎಣ್ಣಿ ಬಟ್ಟಲದಾಗ. ನಮ್ಮ ಧೂಳಿಗಿ ಎಣ್ಣಿ ಜಾಸ್ತಿನ ಬೇಕು. ವಾರಕ್ಕೊಮ್ಮಿ ಮುಳುಗ್ಸಿ ತಗೀತೀನಿ."

ಮಾವ ಹೌದೌದು ಎಂದು ತಲೆಯಾಡಿಸಿದರು. ಅವರು ಕಲಿತದ್ದೂ ಅದೇ.

ನನಗೆ ಅಲ್ಲೇ ಹೊಳೆಯಿತು. ಇಂಥ ಕಾರಿನಲ್ಲಿ ಫಿಲ್ಟರಿನ ಹಿಂದೆ ಕೂದಲಿನಷ್ಟು ತೆಳ್ಳನೆಯ ತಂತಿಯೊಂದಿರುತ್ತದೆ. ಎಷ್ಟು ಗಾಳಿ ಬಂತು ಅಂತ ಅದು ಹೇಳಿದಷ್ಟೇ ಪೆಟ್ರೋಲು ಒಳಗೆ ಹೋಗೋದು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಟಾರ್ಚು ಹಾಕಿ ನೋಡಿದೆ. ತಂತಿಯ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಕೆಂಪು ಧೂಳು, ಒಣಗಿದ ಮದರಂಗಿಯ ಹಾಗೆ. ತಂತಿ ತಪ್ಪು ಲೆಕ್ಕ ಹೇಳುತ್ತಿತ್ತು, ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿರಲಿಲ್ಲ.

"ಮಾವಾ, ಇದನ್ನ ನಾ ಬಿಚ್ಚಲೇನು?"

"ಮುರದ್ರ?"

"ಮುರದ್ರ ನೀವು ಅಂದಿದ್ದು ಖರೆ ಆಗ್ತೈತಿ."

ಅವರು ಯಾರಿಗೂ ಮುಟ್ಟಗೊಡದ ತಮ್ಮ ಸಣ್ಣ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟರು.

ಬೆರಳು ತಾಕಿಸದೆ, ಸ್ಪಿರಿಟ್ ಹನಿ ಹನಿ ಬಿಟ್ಟು ತಂತಿ ತೊಳೆದೆ. ಅಜ್ಜಿ ಫಿಲ್ಟರನ್ನು ಅಂಟುವಾಳದ ನೊರೆಯಲ್ಲಿ ಮೂರು ಸಲ ಅದ್ದಿ, ಹಿಂಡದೆ, ಬಿಸಿಲಿಗಿಟ್ಟಳು. ಬಳ್ಳಾರಿ ಬಿಸಿಲು ಅದೊಂದು ದಿನ ನನ್ನ ಪರವಾಗಿತ್ತು. ಒಣಗಿದ ಮೇಲೆ, ಧೂಳು ಹಿಡಿಯಲು ಬೇಕಾದ ತುಸು ಎಣ್ಣೆ ನಾನೇ ಹಾಕಿದೆ, ಕೂಸಿನ ನೆತ್ತಿಗೆ ಹಚ್ಚುವಷ್ಟೇ.

ಶುಕ್ರವಾರ ಮೇಷ್ಟರ ಎದುರು ಕೀಲಿ ತಿರುಗಿಸಿದೆ. ಕೆಮ್ಮಲಿಲ್ಲ. ಗುಡುಗಿತು! ತಗಡು ನಡುಗಿ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಅಜ್ಜಿ ಕಿವಿ ಮುಚ್ಚಿಕೊಂಡು, "ಸಾಕು ಬಿಡ್ರಿ ಸಾರ್, ಪಾಸ್ ಮಾಡ್ರಿ, ನಿಲ್ಲಸ್ತಾಳ!" ಎಂದು ಮೇಷ್ಟರಿಗೇ ಕೂಗಿದಳು. ಡ್ರೈವರ್ ಮಾತ್ರ, "ಎಣ್ಣಿ ಕಮ್ಮಿ ಆತು ನೋಡ್ರಿ" ಅಂತ ಗೊಣಗುತ್ತಲೇ ಇದ್ದ.

ಪದವಿ ಪ್ರಮಾಣಪತ್ರ ತಂದ ದಿನ ಮಾವ ಒಂದು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದರು. ಹೊರಗೆ ಬಂದು ನನ್ನ ಕೈಯಲ್ಲಿದ್ದುದನ್ನು ಕಂಡವರೇ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡರು. "ದೂರ ಹಿಡಿ, ದೂರ! ಕೈ ತುಂಬ ಎಣ್ಣಿ ಐತಿ." ನಲ್ಲಿಗೆ ಹೋಗಿ, ಅಂಟುವಾಳ ತಿಕ್ಕಿ, ಮೂರು ಸಲ ತೊಳೆದು, ಮೂಸಿ ನೋಡಿಕೊಂಡು ಬಂದರು. ಪತ್ರವನ್ನು ಅವರ ಎರಡೂ ಅಂಗೈ ಮೇಲೆ ಇಟ್ಟೆ. ಅಕ್ಷರ ಓದಲು ಬಾರದ ಅವರು ಮೇಲಿನಿಂದ ಕೆಳಗಿನವರೆಗೂ ಎರಡು ಸಲ ನೋಡಿದರು. ಆಮೇಲೆ ತಲೆಯೆತ್ತದೆ ಹೇಳಿದರು:

"ಓಣಿ ಮಂದಿನೆಲ್ಲಾ ಕರಿ ಹೋಗು. ಅವತ್ತು ಕೇಳಿದವ್ರು ಇವತ್ತೂ ಕೇಳ್ಲಿ."