ಹಳ್ಳದ ಅಳತೆ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ನಂಜನಗೂಡಿನಲ್ಲಿ ಸರ್ವೆಯರ್ ಆಗಿದ್ದೆ. ಹಳೆಯ ನಕ್ಷೆಗಳನ್ನು ಬಿಡಿಸಿಕೊಂಡು ನೋಡುವುದು ನನ್ನ ಕೆಲಸವೂ ಹೌದು, ಚಟವೂ ಹೌದು. ಹಾಗೆ ನೋಡುತ್ತಿದ್ದಾಗ ಒಂದು ದಿನ ಊರಿನ ನಡುವೆ ಹಾದು ಕಪಿಲೆಗೆ ಸೇರುವ ಹಳ್ಳವೊಂದು ಕಣ್ಣಿಗೆ ಬಿತ್ತು. ದಿನಾ ಸೈಕಲ್ಲಿನಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ದೊಡ್ಡ ಮೋರಿಯೇ ಆ ಹಳ್ಳ ಎಂದು ತಿಳಿದಾಗ ನನಗೆ ನಾಚಿಕೆಯಾಯಿತು. ಅಷ್ಟು ವರ್ಷದಿಂದ ಆ ಊರಿನ ನೆಲ ಅಳೆಯುತ್ತಿದ್ದವನು ನಾನು.

ಈ ವಿಷಯ ಮೊದಲು ಹೇಳಿದ್ದು ಹಳ್ಳದ ಮೇಲ್ಭಾಗದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಯಜಮಾನರಿಗೆ. ಹಳೆಯ ಜಮೀನ್ದಾರಿ ಮನೆತನದವರು. ಊರಿನಲ್ಲಿ ಅವರ ಮಾತು ನಡೆಯುತ್ತಿತ್ತು.

"ನಮ್ಮ ಎತ್ತು ಮೈ ತೊಳೀತಿದ್ದ ನೀರು ಕಣ್ರೀ ಅದು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ನಾಟಕವಾಗಿರಲಿಲ್ಲ. "ಟ್ರ್ಯಾಕ್ಟರ್ ನಾನು ಕೊಡ್ತೀನಿ. ಜನ ಸೇರಿಸೋಣ. ಭಾನುವಾರ ಬೆಳಿಗ್ಗೆ ಶುರು ಮಾಡ್ಬಿಡೋಣ."

ಮೇಷ್ಟರುಗಳು, ಅಂಗಡಿಯವರು, ಕಾಲೇಜಿನ ಹುಡುಗಿಯರು, ಎಲ್ಲ ಸೇರಿದರು. ಮೊದಲ ಎರಡು ಭಾನುವಾರ ಪ್ಲಾಸ್ಟಿಕ್ಕು, ಹರಿದ ಚಪ್ಪಲಿ, ಸತ್ತ ಹಂದಿ ಇವನ್ನು ಎತ್ತಿ ಹಾಕುವುದರಲ್ಲೇ ಕಳೆಯಿತು. ಹಳ್ಳದ ಕೆಳಭಾಗದ ದಡದಲ್ಲಿ ಕೂಲಿ ಮಾಡುವವರ ಒಂದು ಸಾಲು ಗುಡಿಸಲು ಇತ್ತು. ಅಲ್ಲಿಯವರು ನಿಂತು ನಮ್ಮನ್ನು ನೋಡುತ್ತಿದ್ದರು. ಮೂರನೆಯ ಭಾನುವಾರ ಅಲ್ಲಿಂದ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಇಳಿದೇ ಬಿಟ್ಟಳು. ನಮ್ಮೆಲ್ಲರ ಕೈಗೆ ರಬ್ಬರಿನ ಗ್ಲೌಸ್ ಇತ್ತು. ಆಕೆಗೆ ಒಂದು ಜೊತೆ ಕೊಡಲು ಹೋದರೆ ನಕ್ಕಳು.

"ನೀವು ಅಗೀತಿರೋ ಜಾಗ ಸರಿಯಿಲ್ಲ ಸಾ. ಆ ಬೇಲಿಗಿಡದ ಬುಡದಲ್ಲಿ ಅಗೀರಿ. ನಮ್ಮವ್ವ ಬಿಂದ್ಗೆ ಇಡ್ತಿದ್ದದ್ದು ಅಲ್ಲೇ. ಊಟೆ ಅದೆ ಅಲ್ಲಿ."

ಊಟೆ ಎಂದರೆ ನೆಲದೊಳಗಿಂದ ನೀರು ಉಕ್ಕುವ ಕಣ್ಣು. ನನ್ನ ನಕ್ಷೆಯಲ್ಲಿ ಅದು ಇರಲಿಲ್ಲ. ಎರಡು ಭಾನುವಾರ ಅಗೆದೆವು. ಎದೆಮಟ್ಟದ ಗುಂಡಿಯಲ್ಲಿ ಕಪ್ಪು ಕೆಸರು ಮುಗಿದು ಮರಳು ಸಿಕ್ಕಿತು. ಮರಳಿನ ನಡುವೆ ಸಣ್ಣಗೆ ಬುಳುಬುಳು ಎಂದಿತು. ಆಕೆ ಬೊಗಸೆಯಲ್ಲಿ ಎತ್ತಿ ಕುಡಿದು, "ಅದೇ ನೀರು," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಂದು ಎಲ್ಲರೂ ಮಕ್ಕಳ ಹಾಗೆ ಕೂಗಾಡಿದೆವು. ಅಷ್ಟು ಸಂತೋಷ ನನ್ನ ನೌಕರಿಯಲ್ಲಿ ಇನ್ಯಾವತ್ತೂ ಸಿಗಲಿಲ್ಲ. ಅದಕ್ಕೇ ಮುಂದಿನದನ್ನು ಹೇಳುವಾಗ ಬಾಯಿ ಕಹಿಯಾಗುತ್ತದೆ.

ಹಳ್ಳದ ಅಗಲ ಗುರುತಿಸಿ ಕಲ್ಲು ನೆಡಬೇಕು, ಇಲ್ಲದಿದ್ದರೆ ಮತ್ತೆ ಕಸ ಸುರಿಯುತ್ತಾರೆ ಎಂದು ಯಜಮಾನರೇ ಹೇಳಿದರು. ನಕ್ಷೆಯನ್ನು ನೆಲಕ್ಕೆ ಹೊಂದಿಸಿ ನೋಡಿದೆ. ಮೇಲ್ಭಾಗದಲ್ಲಿ ಗಿರಣಿಯ ಭತ್ತ ಒಣಗಿಸುವ ಕಣದ ಅರ್ಧ ಭಾಗ ಹಳ್ಳದ ಖರಾಬಿನಲ್ಲಿ, ಅಂದರೆ ಹಳ್ಳಕ್ಕೆಂದೇ ಬಿಟ್ಟ ಸರ್ಕಾರಿ ಜಾಗದಲ್ಲಿತ್ತು. ಕೆಳಗೆ ಗುಡಿಸಲುಗಳ ಸಾಲು ಪೂರ್ತಿ ಅದರಲ್ಲೇ ಇತ್ತು. ಕಣದ ವಿಷಯ ಯಜಮಾನರಿಗೆ ಹೇಳಿದೆ. ಅವರು ದನಿ ಏರಿಸಲಿಲ್ಲ.

"ಕೆಳಗಡೆಯಿಂದ ಶುರು ಮಾಡಿ. ಮೇಲ್ಗಡೆ ಕಲ್ಲು ಆಮೇಲೆ ನೆಟ್ರಾಯ್ತು. ಈಗ ನನ್ನ ಟ್ರ್ಯಾಕ್ಟರ್ ನಿಂತ್ರೆ ಎಲ್ಲಾ ನಿಂತೋಗ್ತದೆ, ಅಲ್ವೇ?"

ನಾನು ತಲೆಯಾಡಿಸಿದೆ. ಯಾರೂ ನನ್ನನ್ನು ಹೆದರಿಸಲಿಲ್ಲ. ಕೆಳಭಾಗದ ನಕಾಶೆ ಮಾತ್ರ ಬರೆದು, ಮೂಲೆಯಲ್ಲಿ 'ಮೇಲ್ಭಾಗದ ಅಳತೆ ಬಾಕಿ' ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದೆ. ಅಳೆಯುವ ದಿನ ಸರಪಣಿಯ ಇನ್ನೊಂದು ತುದಿ ಹಿಡಿದು ನಿಂತವಳು ಆಕೆಯೇ.

"ನಮ್ಮ ಒಲೆ ಪಕ್ಕಕ್ಕೆ ಯಾಕ್ ಸಾ ಕಲ್ಲು?"

"ಸುಮ್ನೆ ಗುರುತಿಗೆ ಕಣಮ್ಮ."

ಯಜಮಾನರು ಆ ನಕಾಶೆಯನ್ನು ಹಳ್ಳ ಉಳಿಸಿ ಎಂದು ತಹಸೀಲ್ದಾರರಿಗೆ ಕೊಟ್ಟ ಮನವಿಯ ಜೊತೆಗೆ ಲಗತ್ತಿಸಿದರು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಒತ್ತುವರಿ ತೆರವಿಗೆಂದು ಜೆಸಿಬಿ ಬಂತು. ಸುದ್ದಿ ಕೇಳಿ ಓಡಿಹೋದೆ. ಆ ಹೊತ್ತಿಗೆ ಅರ್ಧ ಸಾಲು ನೆಲಸಮವಾಗಿತ್ತು. ಆಕೆ ಬುದ್ಧನ ಒಂದು ಫೋಟೊ, ಎರಡು ಪಾತ್ರೆ, ಒಂದು ಬಟ್ಟೆ ಗಂಟು ಇಟ್ಟುಕೊಂಡು ರಸ್ತೆ ಬದಿಯಲ್ಲಿ ಕೂತಿದ್ದಳು.

"ಗುರುತು ಅಂದ್ರಲ್ಲ ಸಾ," ಎಂದಳು.

"ಬೇರೆ ಜಾಗ ಕೊಡ್ತಾರಂತೆ ಕಣಮ್ಮ."

ಆಕೆ ಬೇರೆ ಕಡೆ ಮುಖ ತಿರುಗಿಸಿದಳು. ಜಾಗ ಕೊಟ್ಟದ್ದು ನಿಜ. ಚಿಕ್ಕಯ್ಯನಛತ್ರದ ಕಡೆ, ಬರೀ ಕಲ್ಲು ನೆಲ. ನೀರಿಗೆ ಟ್ಯಾಂಕರ್ ಕಾಯಬೇಕು.

ಒಂದೆರಡು ತಿಂಗಳಿಗೆ ಹಳ್ಳದ ದಡದಲ್ಲಿ ಶಾಮಿಯಾನ ಹಾಕಿ ಸನ್ಮಾನ ಇಟ್ಟುಕೊಂಡರು. ಊರಿನ ಜನವೆಲ್ಲ ಕೈ ಜೋಡಿಸಿದ್ದರಿಂದ ಈ ಕೆಲಸ ಆಯಿತು ಎಂದು ಯಜಮಾನರು ಭಾಷಣ ಮಾಡಿದರು. ಗುಡಿಸಲಿನವರು ಒಬ್ಬರೂ ಅಲ್ಲಿರಲಿಲ್ಲ. ನನ್ನ ಹೆಸರು ಕರೆದಾಗ ಎದ್ದು ಹೋದೆ, ಶಾಲು ಹೊದಿಸಲು ಕತ್ತು ಬಗ್ಗಿಸಿದೆ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಆಮೇಲೆ ಧೈರ್ಯ ಬಂತು. ಏನೂ ಪ್ರಯೋಜನವಿಲ್ಲದ ಹೊತ್ತಿನಲ್ಲಿ ಬರುವ ಧೈರ್ಯ. ಕಣದ ಅಳತೆ ಬರೆದು ಕೊಟ್ಟೆ. ಅದು ಕಡತದಲ್ಲಿ ಸೇರಿಕೊಂಡಿತು, ಹೊರಗೆ ಬರಲಿಲ್ಲ. ಸ್ವಲ್ಪ ದಿನಕ್ಕೆ ನನಗೆ ತಿ. ನರಸೀಪುರಕ್ಕೆ ವರ್ಗವಾಯಿತು. ಸತ್ಯ ಹೇಳಿದ್ದಕ್ಕೆ ಎತ್ತಂಗಡಿ ಮಾಡಿಸಿದರು ಎಂದು ಸ್ನೇಹಿತರು ಮಾತಾಡಿಕೊಂಡರು. ನಾನು ಅದನ್ನು ಅಲ್ಲಗಳೆಯಲಿಲ್ಲ. ನಿಜವೆಂದರೆ ನಾನೇ ಕೇಳಿಕೊಂಡು ಹೋದೆ. ಆ ಹಳ್ಳದ ಸೇತುವೆ ದಾಟುವುದು ನನಗೆ ಕಷ್ಟವಾಗುತ್ತಿತ್ತು.

ಭಾನುವಾರದ ಗುಂಪು ಒಂದು ವರ್ಷದಲ್ಲಿ ಕರಗಿತು. ಗಿರಣಿಯ ಕಣಕ್ಕೆ ಹಳ್ಳದ ಅಂಚಿನವರೆಗೂ ಗೋಡೆ ಎದ್ದಿತು. ಭತ್ತ ನೆನೆಸಿದ ನೀರು, ಹೊಟ್ಟಿನ ಬೂದಿ ಅಲ್ಲಿಂದ ಕೆಳಗಿಳಿಯಿತು. ಊಟೆಯ ಮೇಲೆ ಮಣ್ಣು ಬಿತ್ತು. ದಡದಲ್ಲೇ ಇದ್ದು ನೋಡಿಕೊಳ್ಳುತ್ತಿದ್ದವರನ್ನು ನಾವೇ ಎಬ್ಬಿಸಿ ಕಳಿಸಿದ್ದೆವು.

ಕೆಲವು ವರ್ಷಗಳ ನಂತರ ಸೋಮನಾಥಪುರದ ಹತ್ತಿರ ಒಂದು ಗದ್ದೆ ಅಳೆಯಲು ಹೋಗಿದ್ದೆ. ಪಕ್ಕದ ಗದ್ದೆಯಲ್ಲಿ ಹೆಂಗಸರು ನಾಟಿ ಹಾಕುತ್ತಿದ್ದರು. ಮಗಳನ್ನು ಆ ಕಡೆ ಕೊಟ್ಟಿದ್ದರಿಂದ ಊಟೆ ತೋರಿಸಿದ್ದ ಆಕೆಯೂ ಕೂಲಿಗೆ ಬಂದಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಗುರುತು ಹಿಡಿದು ಬದುವಿನ ಮೇಲೆ ಬಂದು ನಿಂತಳು. ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಳಿಬಿಟ್ಟೆ.

"ನಾನು ತಪ್ಪು ಮಾಡ್ದೆ ಕಣಮ್ಮ. ಗೊತ್ತಿದ್ದೂ ಮಾಡ್ದೆ."

ಆಕೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಅದ ಈಗ ನನ್ಗ್ಯಾಕ್ ಏಳ್ತೀರಿ ಸಾ? ಅವತ್ತು ಆ ಮಿಷಿನ್ನವ್ರಿಗೆ ಏಳ್ಬೇಕಿತ್ತು."

ಅಷ್ಟು ಹೇಳಿ ಪೈರಿನ ಕಟ್ಟು ಎತ್ತಿಕೊಂಡು ಕೆಸರಿಗಿಳಿದಳು. ಉಳಿದ ಹೆಂಗಸರು ಸಾಲಿನಲ್ಲಿ ಆಕೆಗೆ ಜಾಗ ಬಿಟ್ಟರು. ಆಕೆ ಮತ್ತೆ ನನ್ನ ಕಡೆ ನೋಡಲಿಲ್ಲ.