ಚನ್ನಪ್ಪ ಮಾಮಾನ ಅಲ್ಯೂಮಿನಿಯಂ ಸೈಕಲ್ಲು

ಚನ್ನಪ್ಪ ಮಾಮಾ ತಮ್ಮ ಸೈಕಲ್ಲನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು ನಗುತ್ತಿದ್ದರು. ಮುದ್ದೇಬಿಹಾಳದ ಸಂತೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾರುತ್ತಿದ್ದ ಅವರು, ಹಳೆಯ ಸೈಕಲ್ಲಿನ ಉಕ್ಕಿನ ಫ್ರೇಮು ಬಿಸಾಡಿ, ಎಲ್ಲಿಂದಲೋ ತಂದ ಅಲ್ಯೂಮಿನಿಯಂ ಕೊಳವೆಗಳಿಗೆ ರಿವೆಟ್ ಹೊಡೆದು ಹೊಸ ಫ್ರೇಮನ್ನು ತಾವೇ ಕಟ್ಟಿದ್ದರು. ಅದು ಎಪ್ಪತ್ತರ ದಶಕ. ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಾ ರಜೆಗೆ ಊರಿಗೆ ಬರುತ್ತಿದ್ದ ನನಗೆ ಅದರ ಮೇಲೆ ಚೂರೂ ನಂಬಿಕೆಯಿರಲಿಲ್ಲ.

"ಚನ್ನಪ್ಪಣ್ಣ, ಇದು ಸೈಕಲ್ಲೋ ಚಾದ ಕಿಟ್ಲಿಯೋ?" ಎಂದು ವೆಲ್ಡಿಂಗ್ ಅಂಗಡಿಯ ರಾಜೇಸಾಬ ಕೆಣಕುತ್ತಿದ್ದ.

"ನಿನ್ನ ಉಕ್ಕು ಜಂಗು ಹಿಡದು ಸಾಯ್ತೈತಿ. ನಂದು ನೋಡು, ಬೆಳ್ಳಿ!"

ನಾನೊಮ್ಮೆ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದು ತೋರಿಸಿದೆ. "ಮಾಮಾ, ಕುಲುಕಿ ಕುಲುಕಿ ಇದೂ ಹಿಂಗ ಒಮ್ಮಿಗೇ ಮುರೀತೈತಿ."

"ಅಳಿಯಾ, ಪಾತ್ರಿ ತಗ್ಗು ತಗದ ಕೈ ಇದು. ಅಲ್ಯೂಮಿನಿಯಂ ಮದ್ಲ ತಗ್ಗು ಬೀಳ್ತೈತಿ, ಆಮ್ಯಾಲ ಒಡೀತೈತಿ. ತಗ್ಗು ಬಿದ್ದ ದಿನ ಇಳೀತೇನಿ, ತಗೋ."

ಅದಕ್ಕೇ ದಿನಾ ಬೆಳಗ್ಗೆ ಫ್ರೇಮಿನ ಮೇಲೆಲ್ಲ ಅಂಗೈ ಆಡಿಸಿ ತಗ್ಗು ಹುಡುಕುತ್ತಿದ್ದರು. ಸಿಗದಿದ್ದರೆ ನಿಶ್ಚಿಂತೆಯಿಂದ ಹೊರಡುತ್ತಿದ್ದರು.

ಒಂದು ಮಧ್ಯಾಹ್ನ ಹ್ಯಾಂಡಲ್ಲಿಗೆ ಪಾತ್ರೆಗಳನ್ನು ಕಟ್ಟಿ, ಹಿಂದೆ ಅತ್ತೆಯನ್ನೂ ಹಸುಗೂಸನ್ನೂ ಕೂರಿಸಿಕೊಂಡು ಬಾಗೇವಾಡಿ ದಾರಿ ಹಿಡಿದರು. ನಾನು ಬಾಡಿಗೆ ಸೈಕಲ್ಲಿನಲ್ಲಿ ಬೆನ್ನಿಗಿದ್ದೆ. ಹಳ್ಳದ ಇಳಿಜಾರು ಶುರುವಾಗುವಲ್ಲಿ ಹ್ಯಾಂಡಲ್ಲಿನ ಬುಡದಿಂದ ಟಿಕ್ ಟಿಕ್ ಎಂದು ಕೇಳಿಸಿತು. ನಿಜಕ್ಕೂ ಕೇಳಿಸಿತೇ, ಆಮೇಲೆ ನಡೆದದ್ದನ್ನು ಕಂಡು ನನ್ನ ನೆನಪು ಅದನ್ನು ಸೇರಿಸಿಕೊಂಡಿತೇ? ಆಣೆ ಮಾಡಿ ಹೇಳಲಾರೆ.

"ಅತ್ತಿ, ಇಳೀರಿ!" ಎಂದು ಕಿರುಚಿದೆ.

ಮಾಮಾ ನಿಲ್ಲಿಸಿದರು. ಬೈಯಲಿಲ್ಲ. ಕೊಳವೆಯ ಮೇಲೆ ಅಂಗೈ ಆಡಿಸಿದರು, ತಗ್ಗಿರಲಿಲ್ಲ. ಆದರೂ ಕೂಸಿನ ಮುಖ ನೋಡಿದರು.

"ಚೈನ್ ಬಿದ್ದೈತಿ. ಇಳಿ," ಎಂದರು ಅತ್ತೆಗೆ.

ಚೈನು ಬಿದ್ದಿರಲಿಲ್ಲ. ಅತ್ತೆಗೂ ಅದು ಕಾಣುತ್ತಿತ್ತು. "ಹೌದ್ರಿ, ಬಿದ್ದೈತಿ," ಎನ್ನುತ್ತ ಕೂಸನ್ನು ಎದೆಗವಚಿಕೊಂಡು ಇಳಿದರು.

"ಇವರನ್ನ ನಿನ್ನ ಕಬ್ಬಿಣದ ಮ್ಯಾಲ ಕರಕೊಂಡು ಬಾ," ಎಂದರು ಮಾಮಾ.

"ಮಾಮಾ, ನೀವೂ ನಡಕೊಂತ ಬರ್ರಿ."

"ರಾಜೇಸಾಬ ನೋಡಿದ್ರ ನಗ್ತಾನಲೇ!"

ಅಲ್ಲಿ ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವರು ಹತ್ತಿ ಹೊರಟೇಬಿಟ್ಟರು. ಬಿಳಿ ಅಂಗಿ ಗಾಳಿಗೆ ಉಬ್ಬಿ ತಿರುವಿನಲ್ಲಿ ಮರೆಯಾಯಿತು. ಅವರನ್ನು ಜೀವಂತ ನೋಡಿದ್ದು ಅದೇ ಕೊನೆ.

ಆಮೇಲೆ ಪಾತ್ರೆಗಳು ಉರುಳುವ ಸದ್ದು ಬಂತು, ಬಹಳ ಹೊತ್ತು. ಅದನ್ನು ಮಾತ್ರ ನಾನು ಕಲ್ಪಿಸಿಕೊಂಡದ್ದಲ್ಲ. ಅತ್ತೆಗೂ ಕೇಳಿಸಿತು.